ಎಡಗಡೆಯ ಹಿಂದಿನ ಸ್ಪೀಕರ್

ಎಲ್ಲದಕ್ಕೂ ಕಾರಣ ‘ಅದ್ಭುತವಾಗಿದೆ’ ಎಂಬ ಒಂದೇ ಮಾತು.

ಅಳಿಯ ಹೊಸ ಮನೆಗೆ ಬಂದಾಗ ಮಾವ ಒಂದು ಹೋಮ್ ಥಿಯೇಟರ್ ಉಡುಗೊರೆ ಕೊಟ್ಟಿದ್ದರು. ಒಂದು ರಾಶಿ ಸ್ಪೀಕರುಗಳು, ಅವುಗಳನ್ನೆಲ್ಲ ಆಳಲು ರಿಸೀವರ್ ಎಂಬ ಕಪ್ಪು ಡಬ್ಬ. ಮಾರನೆಯ ದಿನವೇ ಫೋನ್ ಮಾಡಿ, “ಸೌಂಡ್ ಹೇಗಿದೆ ಅಳಿಯಂದ್ರೇ?” ಎಂದರು. ಅಳಿಯ ಗ್ರಂಥಾಲಯದ ಗುಮಾಸ್ತ. ತುಟಿಯ ಮೇಲೆ ಬೆರಳಿಟ್ಟು ‘ಶ್’ ಎನ್ನುವುದೇ ಅವನ ಅರ್ಧ ಕೆಲಸ. ತಂತಿ ಕಂಡರೆ ಹಾವು ಕಂಡಂತೆ ಹಿಂದೆ ಸರಿಯುವವನು. ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿಯೇ ಇರಲಿಲ್ಲ. ಆದರೂ ಬಾಯಿಂದ ಬಂದದ್ದು, “ಅದ್ಭುತವಾಗಿದೆ ಮಾವ.”

ಮಾವ ನಿವೃತ್ತ ಗಣಿತದ ಮೇಷ್ಟ್ರು. ಕೇಳಿದ್ದನ್ನು ಅಲ್ಲಿಗೇ ಬಿಡುವ ಜಾತಿಯಲ್ಲ. ವಾರವಾರವೂ ಫೋನು, ವಾರವಾರವೂ ಪ್ರಶ್ನೆ. “ಹಿಂದಿನ ಸ್ಪೀಕರುಗಳು ಸರಿಯಾಗಿ ಕೇಳಿಸ್ತಾವಾ?” ಎಂದು ಒಮ್ಮೆ ಕೇಳಿದರು. “ಎಡಗಡೆದು ಸ್ವಲ್ಪ ಸಂಕೋಚದ್ದು ಮಾವ. ನಾನೇ ಒಂಚೂರು ಏರಿಸಿದೆ” ಎಂದು ಅಳಿಯ ಹೇಳಿಬಿಟ್ಟ. ಅಂದಿನಿಂದ ಮಾವ ಎಡಗಡೆಯ ಹಿಂದಿನ ಸ್ಪೀಕರಿನ ಯೋಗಕ್ಷೇಮವನ್ನು ಮೊಮ್ಮಗುವಿನದನ್ನು ವಿಚಾರಿಸುವಂತೆ ವಿಚಾರಿಸತೊಡಗಿದರು. ಆ ಸ್ಪೀಕರಾದರೋ ಪೆಟ್ಟಿಗೆಯೊಳಗೇ ಮಲಗಿತ್ತು. ಪೆಟ್ಟಿಗೆಯ ಮೇಲೊಂದು ಬಟ್ಟೆ, ಬಟ್ಟೆಯ ಮೇಲೊಂದು ಹೂಕುಂಡ.

ಈ ಭಾನುವಾರ ಬೆಳಿಗ್ಗೆ ಮಾವನ ಫೋನು ಬಂತು. “ಸಂಜೆ ಬರ್ತಿದೀನಿ. ಒಂದು ಸಿನಿಮಾ ನೋಡೋಣ. ನೋಡೋಣ ಏನು, ಕೇಳೋಣ.”

ಅಳಿಯ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟು ಹೆಂಡತಿಯತ್ತ ತಿರುಗಿದ.

“ನಮ್ಮಪ್ಪ ಏನು ಬೇಕಾದ್ರೂ ಸಹಿಸ್ತಾರೆ, ಸುಳ್ಳೊಂದು ಬಿಟ್ಟು” ಎಂದಳು ಹೆಂಡತಿ. “ಸುಳ್ಳು ಹೇಳಿದ ಅಂತ ಸ್ವಂತ ತಮ್ಮನ ಜೊತೆ ಇವತ್ತಿಗೂ ಮಾತಿಲ್ಲ. ನಿಮ್ಮ ಪರವಾಗಿ ನಾನು ಸುಳ್ಳು ಹೇಳಲ್ಲ ರೀ. ಬೇಕಾದ್ರೆ ಅಡುಗೆಮನೇಲಿ ಇರ್ತೀನಿ.”

ಹೂಕುಂಡ ನೆಲಕ್ಕಿಳಿಯಿತು. ಪೆಟ್ಟಿಗೆಯ ಬಾಯಿಯ ಟೇಪನ್ನು ಯಾರೋ ಒಮ್ಮೆ ಕಿತ್ತು ಮತ್ತೆ ಅಂಟಿಸಿದಂತಿತ್ತು. ಅದನ್ನು ಯೋಚಿಸಲು ಪುರುಸೊತ್ತಿರಲಿಲ್ಲ. ರಿಸೀವರಿನ ಬೆನ್ನು ನೋಡಿ ಅವನಿಗೆ ತಲೆ ತಿರುಗಿತು. ಮುಖಕ್ಕೆ ಒಂದೇ ಗುಂಡಿ, ಬೆನ್ನಿಗೆ ಮೈಯೆಲ್ಲ ತೂತು.

ಬಾಗಿಲು ತೆರೆದಿದ್ದೇ ತಪ್ಪಾಯಿತು. ಎದುರುಮನೆಯ ಗೊತ್ತಣ್ಣ ಒಳಗಿದ್ದ. ‘ನಂಗೊತ್ತು’ ಎಂದೇ ಮಾತು ಶುರುಮಾಡುವುದರಿಂದ ಕಟ್ಟಡದವರು ಅವನಿಗಿಟ್ಟ ಹೆಸರದು.

“ನಂಗೊತ್ತು ಬಿಡಿ ಸಾರ್. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಮದುವೆ ಜಾತಕ ಇದ್ದಂಗೆ.”

ಇಬ್ಬರೂ ಸೇರಿ ತಂತಿಯ ತುದಿ ಸುಲಿದು ಸಿಕ್ಕಿಸಿದರು. ಸ್ವಿಚ್ ಒತ್ತಿದಾಗ ರಿಸೀವರ್ ಒಮ್ಮೆ ಕಣ್ಣು ಬಿಟ್ಟು, ಟಕ್ ಎಂದು ಮುಚ್ಚಿಕೊಂಡಿತು. ಮತ್ತೆ ಒತ್ತಿದರು. ಮತ್ತೆ ಟಕ್.

“ಸತ್ತೋಯ್ತಾ?” ಎಂದ ಅಳಿಯ.

“ನಂಗೊತ್ತು, ನಾಚಿಕೆ. ಹೊಸದಲ್ವಾ.”

ಅಳಿಯ ಕೈಪಿಡಿಯ ಪುಟ ತಿರುವಿದ. ಕೆಂಪು ತಂತಿಯ ಎಳೆ ಕಪ್ಪಿಗೆ ತಗುಲಿದರೆ ಹೀಗೇ ಆಗುವುದಂತೆ. ಗೊತ್ತಣ್ಣ ಸಿಕ್ಕಿಸಿದ ಪ್ರತಿ ತಂತಿಯೂ ಬಾಚದ ತಲೆಯಂತೆ ಕೆದರಿಕೊಂಡಿತ್ತು. ಎಲ್ಲ ಕಿತ್ತು, ಎಳೆಗಳನ್ನು ಹೊಸೆದು ಮತ್ತೆ ಸಿಕ್ಕಿಸಿದಾಗ ರಿಸೀವರ್ ಕಣ್ಣು ಬಿಟ್ಟೇ ಉಳಿಯಿತು. ಮುಂದಿನ ಹಂತಕ್ಕೆ ರಿಮೋಟ್ ಬೇಕಿತ್ತು. ಪೆಟ್ಟಿಗೆಯಲ್ಲಿ ರಿಮೋಟ್ ಇರಲಿಲ್ಲ. ಥರ್ಮಾಕೋಲನ್ನು ಪುಡಿ ಮಾಡಿ ಹುಡುಕಿದರೂ ಇರಲಿಲ್ಲ.

“ನೀವೇ ಎಲ್ಲೋ ಎಸೆದಿರ್ತೀರ” ಎಂದಿತು ಅಡುಗೆಮನೆ.

“ಬಿಚ್ಚದೇ ಇರೋ ಪೆಟ್ಟಿಗೆಯಿಂದ ಹೇಗೆ ಎಸೀಲೇ?”

“ನಂಗೊತ್ತು” ಎಂದ ಗೊತ್ತಣ್ಣ. “ಕೆಳಗಡೆ ಹಲ್ಲಿನ ಡಾಕ್ಟ್ರ ಹತ್ರ ಇದೇ ಕಂಪನಿದು ಇದೆ.” ಆ ದಿನ ಅವನಿಗೆ ನಿಜವಾಗಿಯೂ ಗೊತ್ತಿದ್ದದ್ದು ಅದೊಂದೇ.

ಡಾಕ್ಟರು ರಿಮೋಟ್ ಕೊಡಲೊಪ್ಪಲಿಲ್ಲ. “ಬೇರೆಯವರ ಕೈಗೆ ಕೊಡಲ್ಲ, ನಾನೇ ಬಂದು ಒತ್ತುತೀನಿ” ಎಂದು ಹೊರಟರು. ಕುರ್ಚಿಯಲ್ಲಿದ್ದ ರೋಗಿಗೆ ಒಬ್ಬನೇ ಕೂರಲು ಭಯವಾಗಿ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹಿಂದೆ ಬಂದ.

“ಈಗ ರಿಸೀವರ್ ಒಂದೊಂದು ಸ್ಪೀಕರಿಂದ ಕೂಗು ಹೊರಡಿಸುತ್ತೆ” ಎಂದರು ಡಾಕ್ಟರು. ಪೆಟ್ಟಿಗೆಯಲ್ಲೇ ಬಂದಿದ್ದ ಪುಟ್ಟ ಮೈಕನ್ನು ಸೋಫಾದಲ್ಲಿ ಕೂತವರ ಕಿವಿಯ ಎತ್ತರಕ್ಕೆ, ಸ್ಟೂಲಿನ ಮೇಲೆ ಅಕ್ಕಿ ಡಬ್ಬ ಪೇರಿಸಿ ಇಟ್ಟರು. “ಈ ಮೈಕು ಕೇಳಿಸ್ಕೊಂಡು ಅಳತೆ ಮಾಡುತ್ತೆ. ಆಗ ಪಿಟ್ಟೆನ್ನಬಾರದು. ಒಂದು ಸದ್ದಾದ್ರೂ ಮತ್ತೆ ಮೊದಲಿಂದ.”

ಮೊದಲ ಸಲ ಫ್ರಿಜ್ ಗುರ್ರೆಂದಿತು. ‘ಸದ್ದು ಹೆಚ್ಚಾಗಿದೆ, ಮತ್ತೆ ಪ್ರಯತ್ನಿಸಿ’ ಎಂದಿತು ಟಿವಿ ಪರದೆ. ಫ್ರಿಜ್ ಆರಿಸಿದರು. ಎರಡನೆಯ ಸಲ ಮಹಡಿಯವರು ಮಂಚ ಎಳೆದರು. ಅಳಿಯ ಮೆಟ್ಟಿಲು ಹತ್ತಿಳಿದು, ಮನೆಮನೆಯ ಬಾಗಿಲಲ್ಲೂ ನಿಂತು, ಅಷ್ಟು ವರ್ಷದ ಅನುಭವವನ್ನೆಲ್ಲ ಸುರಿದು ‘ಶ್’ ಎಂದ. ಏನಾಯಿತೆಂದು ನೋಡಲು ಅವರೆಲ್ಲ ಅವನ ಹಿಂದೆಯೇ ಬಂದರು. ಮೂರನೆಯ ಸಲ ಎಲ್ಲ ಮುಗಿಯಿತು ಎನ್ನುವಾಗ ಗೊತ್ತಣ್ಣ ಪಿಸುಗುಟ್ಟಿದ. “ನಂಗೊತ್ತಿತ್ತು, ಈ ಸಲ ಆಗುತ್ತೆ.”

‘ಮತ್ತೆ ಪ್ರಯತ್ನಿಸಿ.’

ಡಾಕ್ಟರು ತಡಮಾಡಲಿಲ್ಲ. ಜೇಬಿನಿಂದ ಹತ್ತಿ ತೆಗೆದು ಗೊತ್ತಣ್ಣನ ಬಾಯಿಗೂ ತುರುಕಿದರು.

ಮುಂದಿನ ಸಲ ಒಂದು ಮನೆ ತುಂಬುವಷ್ಟು ಜನ ಉಸಿರು ಬಿಗಿಹಿಡಿದು ನಿಂತರು. ಊಂಯ್, ಊಂಯ್ ಎಂದು ಸ್ಪೀಕರುಗಳು ಸರದಿಯಂತೆ ಕೂಗಿದವು. ಎಡಗಡೆಯ ಹಿಂದಿನದೂ ಕೂಗಿತು, ಎಲ್ಲಕ್ಕಿಂತ ಜೋರಾಗಿ. ಪರದೆಯ ಮೇಲೆ ‘ಮುಗಿಯಿತು’ ಎಂದು ಬರುವುದಕ್ಕೂ, ಕಿಟಕಿಯಲ್ಲಿದ್ದ ಹೆಂಡತಿ “ಅಪ್ಪ ಆಟೋ ಇಳಿದ್ರು” ಎನ್ನುವುದಕ್ಕೂ ಸರಿಹೋಯಿತು.

ಜನರನ್ನೆಲ್ಲ ಹೊರದಬ್ಬಿದ್ದಾಯಿತು. ಡಾಕ್ಟರು ರಿಮೋಟನ್ನೂ ರೋಗಿಯನ್ನೂ ಮರೆಯದೆ ಕರೆದೊಯ್ದರು. ರಟ್ಟು ಮಂಚದಡಿ ಸೇರಿತು.

ಮಾವ ಸೋಫಾದ ನಡುವೆ ಕೂತು ಕಣ್ಣು ಮುಚ್ಚಿದರು. ಸಿನಿಮಾದಲ್ಲಿ ಮಳೆ ಶುರುವಾಯಿತು. ಬೆನ್ನ ಹಿಂದೆ, ಎಡಗಡೆಯಿಂದ, ಯಾರೋ ಕೆಸರಿನಲ್ಲಿ ನಡೆದು ಬಂದ ಸದ್ದು. ಮಾವ ಬೆಚ್ಚಿ ತಿರುಗಿ ನೋಡಿದರು. ಅಳಿಯ ಸೋಫಾಕ್ಕೆ ಒರಗಿ ಕೂತ.

“ಹೇಳಿದ್ನಲ್ಲ ಮಾವ, ಎಡಗಡೆದು.”

“ಸಂಕೋಚ ಏನೂ ಕಾಣಲಿಲ್ಲ” ಎಂದರು ಮಾವ. “ಸ್ವಲ್ಪ ಕಡಿಮೆ ಮಾಡಿ.”

ಅಳಿಯ ಎದ್ದು ಹೋಗಿ ಗುಂಡಿ ತಿರುಗಿಸಿ ಬಂದು ಕೂತ.

“ಈಗ ಒಂಚೂರು ಜಾಸ್ತಿ.”

ಮತ್ತೆ ಎದ್ದ.

“ದಿನಾ ಹೀಗೇ ಎದ್ದೆದ್ದು ಹೋಗ್ತೀರಾ?”

“ವ್ಯಾಯಾಮ ಆಗುತ್ತೆ ಅಂತ, ಮಾವ.”

ಮಾವ ಕೈಚೀಲದ ಜಿಪ್ ಎಳೆದರು. ಕನ್ನಡಕದ ಡಬ್ಬಿಯ ಪಕ್ಕದಿಂದ ಉದ್ದನೆಯ ಕಪ್ಪು ವಸ್ತುವೊಂದನ್ನು ತೆಗೆದು ಟೀಪಾಯಿಯ ಮೇಲಿಟ್ಟರು. ರಿಮೋಟು.

“ಬ್ಯಾಟರಿ ಹಾಕಿ ಕೊಡೋಣ ಅಂತ ಅವತ್ತು ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದೆ, ಮರೆತೋಯ್ತು” ಎಂದರು. “ಮಾರನೇ ದಿನ ಅದನ್ನ ಹೇಳೋಕ್ಕೇ ಫೋನ್ ಮಾಡಿದ್ದು. ಸೌಂಡ್ ಹೇಗಿದೆ ಅಂತ ತಮಾಷೆಗೆ ಕೇಳಿದ್ರೆ ನೀವು ಅದ್ಭುತ ಅಂದ್ರಿ. ರಿಮೋಟ್ ಎಲ್ಲಿ ಅಂತ ಇವತ್ತು ಕೇಳ್ತಾರೆ, ಬರೋ ವಾರ ಕೇಳ್ತಾರೆ ಅಂತ ಕಾಯ್ತಾನೇ ಇದ್ದೆ.”

ಅಡುಗೆಮನೆಯಲ್ಲಿ ಒಂದು ತಟ್ಟೆ ಬಿತ್ತು. ಅಳಿಯನ ಬಾಯಿ ತೆರೆದುಕೊಂಡಿತು, ಹತ್ತಿಯೊಂದು ಕಡಿಮೆ.

“ಉತ್ತರ ಏನೋ ಸರಿಯಾಗಿದೆ” ಎನ್ನುತ್ತ ಮಾವ ಕನ್ನಡಕ ಏರಿಸಿಕೊಂಡರು. “ಆದ್ರೆ ಹಂತ ತೋರಿಸದ ಉತ್ತರಕ್ಕೆ ನನ್ನ ಸರ್ವೀಸಿನಲ್ಲೇ ಅಂಕ ಕೊಟ್ಟವನಲ್ಲ. ಅಂಥವರಲ್ಲಿ ಪಕ್ಕದವರದ್ದು ನೋಡಿ ಬರೆದವರೇ ಜಾಸ್ತಿ. ತಮ್ಮನ ಹತ್ರ ಮಾತು ಬಿಟ್ಟು ಸಾಕಾಗಿದೆ, ನಿಮ್ಮ ಹತ್ರ ಬಿಡೋಕಾಗಲ್ಲ. ಅದಕ್ಕೇ ಈಗ ಎಲ್ಲಾ ಬಿಚ್ಚಿ. ನನ್ನ ಮುಂದೆ, ಮೊದಲಿಂದ.”

ಅಳಿಯ ಮೊಣಕಾಲೂರಿ ಕೆಂಪು ತಂತಿ ಎಳೆದ. ಕಪ್ಪು ಎಳೆದ. ಎಳೆ ಹೊಸೆದ, ಸಿಕ್ಕಿಸಿದ. ಅಕ್ಕಿ ಡಬ್ಬ ಮತ್ತೆ ಸ್ಟೂಲು ಹತ್ತಿತು. ಕೊನೆಗೆ, ಪಿಟ್ಟೆನ್ನಬೇಡಿ ಎಂದು ಕಟ್ಟಡಕ್ಕೆಲ್ಲ ಹೇಳಿಬರಲು ಅವನು ಬಾಗಿಲು ತೆರೆದ.

ಹೇಳುವ ಅಗತ್ಯ ಬೀಳಲಿಲ್ಲ. ಗೊತ್ತಣ್ಣ, ಡಾಕ್ಟರು, ಹತ್ತಿಯ ರೋಗಿ, ಮಹಡಿಯವರು, ಎಲ್ಲರೂ ಬಾಗಿಲಿಗೆ ಕಿವಿ ಕೊಟ್ಟು ಮೆಟ್ಟಿಲ ಮೇಲೇ ಇದ್ದರು. ಒಬ್ಬೊಬ್ಬರೂ ಎರಡೂ ಕೈಯಲ್ಲಿ ಬಾಯಿ ಅದುಮಿ ಹಿಡಿದುಕೊಂಡಿದ್ದರು.