ಮೂಕಮ್ಮನ ಹೆಸರಿನ ಗುಂಡಿ

ಮನೆಯಲ್ಲಿ ಗಂಡಸು ಒಂದು ರಿಪೇರಿಗೆ ಕೂತರೆ ಹೆಂಗಸಿಗೆ ನಾಲ್ಕು ಕೆಲಸ ಹುಟ್ಟುತ್ತವೆ ಎಂಬುದು ಮಲ್ಲಿಕಾ ಹನ್ನೊಂದು ವರ್ಷದ ಸಂಸಾರದಲ್ಲಿ ನಡೆಸಿದ ಏಕೈಕ ವೈಜ್ಞಾನಿಕ ಸಂಶೋಧನೆ. ಗಂಡ ಜಗದೀಶ ನಲ್ಲಿ ಸರಿಮಾಡಿದರೆ ಪಾನಾ ಹಿಡಿದು ನಿಲ್ಲುವವಳು ಅವಳು, ಹರಿದ ನೀರು ಬಳಿಯುವವಳು ಅವಳು, ಸಂಜೆ ನಿಜವಾದ ನಲ್ಲಿಯವನನ್ನು ಕರೆತರುವವಳೂ ಅವಳೇ. (ರಿಪೇರಿ ಮಾಡಿದ್ದು ಯಾರೆಂದು ಕೇಳಿದರೆ ಮಾತ್ರ ಜಗದೀಶ.) ಹಾಗಾಗಿ ಆ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವನು ತೋಳು ಮಡಚಿ ಕಂಪ್ಯೂಟರಿನ ಮುಂದೆ ಕೂತಾಗ ಅವಳು ಒಲೆಯ ಮೇಲೆ ಚಹಾದ ನೀರಿಟ್ಟಳು.

ಆದರೆ ಅವತ್ತಿನದು ನಲ್ಲಿಯಂಥ ರಿಪೇರಿಯಲ್ಲ. ಮಲ್ಲಿಕಾಳಿಗೆ ಮೊದಲ ಸಲ ಅವಳ ಸ್ವಂತ ಹೆಸರಿನಲ್ಲಿ ಒಂದು ಕೆಲಸ ಸಿಗುವುದಿತ್ತು. ದೂರದ ಊರಿನ ಸಂಸ್ಥೆಯೊಂದು ದೇವದುರ್ಗದ ಕಡೆಯ ಕೂಲಿ ಹೆಂಗಸರ ಮಾತುಗಳನ್ನು ವಿಡಿಯೊ ಮಾಡಿ ಇಟ್ಟುಕೊಂಡಿತ್ತು. ಅವನ್ನು ಕೇಳಿ ಅಕ್ಷರಕ್ಕಿಳಿಸಲು ಈ ಕಡೆಯ ಕಿವಿಯೇ ಬೇಕು. 'ಬರಾಕತ್ತೀನಿ' ಎಂದರೆ ಬರುತ್ತಾರೋ ಬರುವುದಿಲ್ಲವೋ ತಿಳಿಯದೆ ಅವರ ಮೂವರು ಪದವೀಧರರು ಕೈಚೆಲ್ಲಿದ್ದರಂತೆ. ಪರೀಕ್ಷೆಗೆಂದು ಇಪ್ಪತ್ತು ನಿಮಿಷದ ಒಂದು ವಿಡಿಯೊ ಕಳಿಸಿದ್ದರು. ಬ್ರೌಸರಿನಲ್ಲಿ ಮೇಲೆ ವಿಡಿಯೊ ಓಡುತ್ತದೆ, ಕೆಳಗಿನ ಚೌಕದಲ್ಲಿ ಟೈಪ್ ಮಾಡಬೇಕು; ಸಂಜೆ ಐದಕ್ಕೆ ಚೌಕ ತಾನಾಗಿ ಮುಚ್ಚುತ್ತದೆ. ಫೋನಿನಲ್ಲಿ ತೆರೆದರೆ 'ದಯವಿಟ್ಟು ಕಂಪ್ಯೂಟರಿನಲ್ಲಿ ತೆರೆಯಿರಿ' ಎಂದು ಬಾಗಿಲು ಹಾಕಿದಂತೆ ಉತ್ತರ. ಕಂಪ್ಯೂಟರಿನಲ್ಲಿ ತೆರೆದರೆ ಹತ್ತಿ ಬಿಡಿಸುವ ಐವರು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈ ಬೀಸಿ, ಕಣ್ಣರಳಿಸಿ ಜಗಳವಾಡುತ್ತಿದ್ದರು. ಆದರೆ ಪಿಸುಮಾತೂ ಕೇಳಿಸುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ರಾಯಚೂರಿನ ಕಾಲೇಜೊಂದರಲ್ಲಿ ಪ್ರಯೋಗಾಲಯದ ಸಹಾಯಕನಾಗಿದ್ದ ಜಗದೀಶ ಎರಡು ದಿನದ ಶಿಬಿರಕ್ಕೆ ಹೋಗಿ ಅದನ್ನೂ ಒಂದು ಪ್ರಮಾಣಪತ್ರವನ್ನೂ ತಂದಿದ್ದ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಸೂಗೂರೇಶ್ವರನ ಪಟದ ಪಕ್ಕಕ್ಕೆ ತೂಗುಹಾಕಿದ. ಮುಂದೆ ಒಂದು ನವೆಂಬರಿನಲ್ಲಿ ಅಭಿಮಾನ ಉಕ್ಕಿ ಕಂಪ್ಯೂಟರನ್ನು ಪೂರ್ತಿ ಕನ್ನಡಕ್ಕೆ ತಿರುಗಿಸಿದ. ಅಂದಿನಿಂದ ಅದರೊಳಗೆ ಏನಿದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿಯದಾಯಿತು. 'ನಿರ್ಗಮ ಸಾಧನ', 'ಪೂರ್ವನಿಯೋಜಿತ ಶ್ರವ್ಯ ಪ್ರವಾಹ' ಮೊದಲಾದವನ್ನು ಓದಿ ಅವನು ಪುರಾಣ ಕೇಳಿದವನಂತೆ ತಲೆದೂಗುತ್ತಿದ್ದ, ಆಮೇಲೆ ಅಂದಾಜಿನ ಮೇಲೆ ಯಾವುದನ್ನೋ ಒತ್ತುತ್ತಿದ್ದ.

ಹತ್ತು ಗಂಟೆಗೆ ಸ್ಪೀಕರಿನ ವೈರು ಕಿತ್ತು ಮತ್ತೆ ಚುಚ್ಚಿದ. (ಮಲ್ಲಿಕಾ ಮೇಜಿನ ಕೆಳಗೆ ಟಾರ್ಚು ಹಿಡಿದಳು.) ಕಂಪ್ಯೂಟರಿನಲ್ಲಿದ್ದ ಹಾಡು ಹಾಕಿದ, ಹಾಡು ಕೇಳಿಸಿತು. ಅಂದರೆ ಸ್ಪೀಕರು ಸರಿಯಿದೆ, ಬ್ರೌಸರಿಗೆ ಮಾತ್ರ ಗಂಟಲು ಕಟ್ಟಿದೆ. ಹನ್ನೊಂದಕ್ಕೆ ಕಪ್ಪು ಕಿಟಕಿಯೊಂದನ್ನು ತೆರೆದು, ಫೋನಿನಲ್ಲಿ ಹುಡುಕಿದ ಆಜ್ಞೆಗಳನ್ನು ಒಂದೊಂದೇ ಸಾಲು ನಕಲು ಮಾಡಿದ. ಕಪ್ಪು ಕಿಟಕಿ ಒಂದೊಂದಕ್ಕೂ ಒರಟಾಗಿ ಉತ್ತರ ಕೊಟ್ಟಿತು. ಮೂರು ಸಲ ಕಂಪ್ಯೂಟರು ಮುಚ್ಚಿ ತೆರೆದ. ಪೆಟ್ಟಿಗೆ ಬಿಚ್ಚಿ ಒಳಗಿನ ದೂಳು ನಡುಮನೆಗೆ ಸುರಿದ, ಅದನ್ನು ಮಲ್ಲಿಕಾ ಗುಡಿಸಿದಳು. ಕಳೆದ ಸ್ಕ್ರೂ ಒಂದನ್ನು ಅಕ್ಕಿ ಆರಿಸುವ ಮೊರದಲ್ಲಿ ಹುಡುಕಿಕೊಟ್ಟಳು. ಹನ್ನೆರಡಕ್ಕೆ ಅವನು ಬ್ರೌಸರನ್ನೇ ಕಿತ್ತೆಸೆದು ಹೊಸದಾಗಿ ಹಾಕಿದ. ಹೆಂಗಸರು ಮತ್ತೆ ಬಂದರು, ಹಾಗೆಯೇ ಬಾಯಿ ಆಡಿಸಿದರು. ಅಷ್ಟರಲ್ಲಿ ಚಹಾ ನಾಲ್ಕು ಸಲವಾಗಿತ್ತು; ನಡುವೆ ಎಂದಿನ ಬಟ್ಟೆ, ಪಾತ್ರೆ, ರೊಟ್ಟಿ, ಪಲ್ಯಗಳು ತಮ್ಮ ಪಾಡಿಗೆ ತಾವೇ ಆಗಿದ್ದವು. (ಅವು ಯಾವಾಗಲೂ ಹಾಗೆಯೇ ಆಗುತ್ತವೆ ಎಂಬುದು ಜಗದೀಶನ ನಂಬಿಕೆ.)

ಡಬ್ಬಿ ವಾಪಸು ಕೊಡಲು ಪಕ್ಕದ ಮನೆಯ ಉಮ್ಮೇ ಕುಲ್ಸುಮ್ ಬಂದದ್ದು ಆಗಲೇ. ಅವಳ ಎದುರಿಗೆ ಮಲ್ಲಿಕಾ, ಒಂದು ಸಲ ನಾನೂ ನೋಡಲೇ ಎಂದು ಕೇಳಿದಳು. ಜಗದೀಶ ಕುರ್ಚಿಯನ್ನು ಪೂರ್ತಿ ತಿರುಗಿಸಿದ.

"ಇದು ರೊಟ್ಟಿ ಬಡದಂಗ ಅಲ್ಲ ಮಲ್ಲಿಕಾ. ಸಿಸ್ಟಮ್ ಅದ ಇದು. ತಿಳುವಳಿಕಿ ಬೇಕು."

ಹದಿಮೂರು ಮಂದಿಯ ಮನೆಗೆ ದಿನಾ ರೊಟ್ಟಿ ಬಡಿಯುವ ಉಮ್ಮೇ ಕುಲ್ಸುಮ್ ಸೆರಗಿನೊಳಗೆ ನಕ್ಕಳು. "ರೊಟ್ಟಿಗಿ ತಿಳುವಳಿಕಿ ಬ್ಯಾಡೇನ್ ಭಾಯ್? ಒಂದಽ ಒಂದು ಬಡದು ತೋರ್ಸ್ರಿ."

"ಈ ಮನ್ಯಾಗ ನನಗಿಂತ ಮೊದಲ ಯಾರರೆ ಇದರ ಸದ್ದು ಹೊರಡಿಸ್ಲಿ, ಒಂದು ತಿಂಗಳು ರೊಟ್ಟಿ ನಾನ ಬಡೀತೀನಿ," ಎಂದ ಜಗದೀಶ. ಸಾಕ್ಷಿಯಿದ್ದಾಗ ಪ್ರತಿಜ್ಞೆ ಮಾಡಬಾರದು ಎಂಬ ತಿಳುವಳಿಕೆ ಆ ಪ್ರಮಾಣಪತ್ರದಲ್ಲಿ ಸೇರಿರಲಿಲ್ಲ.

ಒಂದೂವರೆಗೆ ಅವನು ತೀರ್ಪು ಕೊಟ್ಟ. ಊಟ ಮಾಡಿ ಎಲ್ಲವನ್ನೂ ಅಳಿಸಿ ಬುಡದಿಂದ ಹೊಸದಾಗಿ ಹಾಕಬೇಕು, ಸಂಜೆ ಏಳಾಗುತ್ತದೆ. ಐದಕ್ಕೆ ಚೌಕ ಮುಚ್ಚುತ್ತದೆಯಲ್ಲ ಎಂದು ಮಲ್ಲಿಕಾ ನೆನಪಿಸಿದಳು.

"ಮತ್ತೊಂದು ಕೆಲಸ ಸಿಗ್ತದ ಬಿಡು."

ಈ ಮಾತು ಅವಳಿಗೆ ಹೊಸದಲ್ಲ. ಮಾನ್ವಿಯ ಶಾಲೆಯಿಂದ ಕರೆ ಬಂದಾಗ ಮಗು ಸಣ್ಣದಿತ್ತು, ಆಗಲೂ ಇದೇ ಮಾತು ಕೇಳಿದ್ದಳು. ಹೊಲಿಗೆಯ ತರಬೇತಿಗೆ ಹೆಸರು ಬಂದಾಗ ಮಾವನಿಗೆ ಹುಷಾರಿರಲಿಲ್ಲ, ಆಗಲೂ ಇದೇ. ಆ ಮತ್ತೊಂದು ಕೆಲಸ ಇಷ್ಟು ವರ್ಷವಾದರೂ ದಾರಿಯಲ್ಲೇ ಇತ್ತು. ಅವಳು ತಟ್ಟೆಗೆ ರೊಟ್ಟಿ ಹಾಕಿದಳು, ಸ್ವಲ್ಪ ಸದ್ದಾಗುವಂತೆ.

ಊಟವಾದ ಮೇಲೆ ಜಗದೀಶ ಐದು ನಿಮಿಷವೆಂದು ಒಳಗೆ ಅಡ್ಡಾದ. ಫ್ಯಾನು ಚೆನ್ನಾಗಿ ಬೀಸುವುದು ಕಂಪ್ಯೂಟರಿನ ಕುರ್ಚಿಗೇ ಆದ್ದರಿಂದ ಅತ್ತೆ ಮೂಕಮ್ಮ ಬಂದು ಅದರಲ್ಲಿ ಕೂತಳು.

ಮೂಕಮ್ಮ ಎಂಬ ಹೆಸರು ಅವಳಿಗೆ ಹೇಗೆ ಬಂತೆಂದು ಅವಳ ತವರೂರು ಮಲ್ಲಟದಲ್ಲಿ ಈಗಲೂ ಜನ ಸೋಜಿಗ ಪಡುತ್ತಾರೆ. ಎಚ್ಚರವಿದ್ದಷ್ಟು ಹೊತ್ತೂ ಮಾತಾಡುವ ಹೆಂಗಸು. ಹೋದ ವರ್ಷ, ಅರವತ್ತೆರಡನೆಯ ವಯಸ್ಸಿಗೆ, ವಾರ್ಡಿನ ಹೆಂಗಸರ ಅಕ್ಷರ ತರಗತಿಗೆ ಹೋಗಿ ಓದು ಕಲಿತ ಮೇಲೆ ಮಾತು ಇಮ್ಮಡಿಯಾಗಿತ್ತು. ಬಸ್ಸಿನ ಬೋರ್ಡು, ಉಪ್ಪಿನ ಪ್ಯಾಕೆಟ್ಟು, ಗುಳಿಗೆಯ ಚೀಟಿ, ಎಲ್ಲವನ್ನೂ ಗಟ್ಟಿಯಾಗಿ ಓದುವಳು. ಮೊದಲು ಕಲಿತದ್ದು ತನ್ನ ಹೆಸರು. ಅಂದಿನಿಂದ 'ಮೂ' ಎಲ್ಲಿ ಕಂಡರೂ ತನ್ನನ್ನೇ ಕರೆದಂತೆ. ಒಮ್ಮೆ ಸ್ಟೇಷನ್ನಿನ ಗೋಡೆಯ ಮುಂದೆ ನಿಂತು, ನನ್ನ ಹೆಸರು ಇಷ್ಟು ದೊಡ್ಡದಾಗಿ ಯಾರು ಬರೆಸಿದರು ಎಂದು ಹಿಗ್ಗಿದ್ದಳು. ಅದು ಮೂಲವ್ಯಾಧಿಯ ಜಾಹೀರಾತು.

ಹಾಗಾಗಿ ನಡುಮನೆಯಿಂದ ಕರೆ ಬಂದಾಗ ಪಾತ್ರೆ ತಿಕ್ಕುತ್ತಿದ್ದ ಮಲ್ಲಿಕಾ ತಿರುಗಿಯೂ ನೋಡಲಿಲ್ಲ.

"ಯವ್ವಾ, ಈ ಡಬ್ಬ್ಯಾಗ ನನ್ನ ಹೆಸರು ಬರದಾರ."

"ಮೂಲವ್ಯಾಧಿ ಇರಬೇಕು ಬಿಡ್ರಿ."

"ಹುಚ್ಚಿ, ನನ್ನ ಹೆಸರು ನನಗ ಗೊತ್ತಾಗಾಂಗಿಲ್ಲೇನು. ಮೂ. ಕ. ಅಷ್ಟ ಅದ. 'ಅಮ್ಮ' ಹಾಕಿಲ್ಲ, ಮರ್ಯಾದಿ ಇಲ್ಲದವರು."

ಮಲ್ಲಿಕಾ ಕೈ ಒರೆಸಿಕೊಂಡು ಬಂದಳು. ಜಗದೀಶ ಧ್ವನಿಯ ಕಿಟಕಿಯನ್ನು ತೆರೆದು ಹಾಗೆಯೇ ಬಿಟ್ಟಿದ್ದ. ಬೆಳಗಿನಿಂದ ಅವನು ಅದರ ಮೇಲಿನ ಅರ್ಧವನ್ನೇ ತಿದ್ದುತ್ತಿದ್ದ. ಅತ್ತೆ ಮೌಸಿನ ಗಾಲಿ ತಿರುಗಿಸುತ್ತಾ ತಳಕ್ಕೆ ಇಳಿದಿದ್ದಳು. ಅಲ್ಲಿ, ಸದ್ದು ಮಾಡುವ ಒಂದೊಂದಕ್ಕೂ ಒಂದೊಂದು ಸಾಲಿತ್ತು. ಬ್ರೌಸರಿನ ಸಾಲಿನ ಕೊನೆಗೆ ಒಂದು ಸಣ್ಣ ಗುಂಡಿ, ಅದರ ಮೇಲೆ ಎರಡೇ ಅಕ್ಷರ: ಮೂಕ. ಪಕ್ಕದಲ್ಲಿ, ಅದನ್ನು ಒತ್ತಿ ಬ್ರೌಸರಿನ ಬಾಯಿ ಕಟ್ಟಲಾಗಿದೆ ಎಂಬ ಕೆಂಪು ಗುರುತು. ಬ್ರೌಸರನ್ನು ಕಿತ್ತೆಸೆದು ಹೊಸದು ಹಾಕಿದರೂ ಕಂಪ್ಯೂಟರು ಅದನ್ನು ಮರೆತಿರಲಿಲ್ಲ. (ಅದರ ನೆನಪೂ ಅತ್ತೆಯಂಥದ್ದೇ.)

ಮಲ್ಲಿಕಾ ಗುಂಡಿ ಒತ್ತಿದಳು.

ದೇವದುರ್ಗದ ಐವರು ಹೆಂಗಸರು ಒಟ್ಟಿಗೆ ಮನೆಯೊಳಗೆ ನುಗ್ಗಿದರು. ಕೂಲಿಗೆ ಕರೆದೊಯ್ಯುವ ಮುಕಾದಮನಿಗೆ ಅವರು ಕೊಡುತ್ತಿದ್ದ ಬಿರುದುಗಳನ್ನು ಕೇಳಿ ಉಮ್ಮೇ ಕುಲ್ಸುಮ್ ಗೋಡೆಯಾಚೆಯಿಂದ ಓಡಿಬಂದಳು. ಯಾರೋ ತನ್ನ ಗೆಳತಿಯ ಜೊತೆ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡಿದ್ದಳಂತೆ. ಜಗದೀಶ ಲುಂಗಿ ಕಟ್ಟಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತ. ಆಗ ಎರಡೂಕಾಲು.

"ಯಾರೋ ಅದನ್ನ ಒತ್ತಿ ಬಿಟ್ಟಾರ," ಎಂದು ಅವನು ಕಣ್ಣು ಕಿರಿದು ಮಾಡಿ ತೆರೆಯನ್ನು ನೋಡಿದ. "ಒತ್ತಿದವರದು ತಪ್ಪು. ನನ್ನ ರೊಟ್ಟಿ ಮಾತು ನಡ್ಯಾಂಗಿಲ್ಲ."

ಗೆಲುವು ನೆತ್ತಿಗೇರಿದ್ದ ಮಲ್ಲಿಕಾ ಉಮ್ಮೇ ಕುಲ್ಸುಮಳ ಕಡೆ ನೋಡಿ ಹೇಳಿದಳು: "ಗುಂಡಿ ಒತ್ತಿದವರು ಸಿಕ್ಕರ ಅವರಽ ವರ್ಷಗಟ್ಟಲೆ ರೊಟ್ಟಿ ಬಡೀಲಿ. ಸಿಗೋತನ ನೀವು ಬಡೀರಿ. ಹಿಟ್ಟು ಡಬ್ಬ್ಯಾಗ ಅದ."

ಆಮೇಲೆ ಅವಳು ಕುರ್ಚಿಯಲ್ಲಿ ಕೂತಳು. ಎರಡೂವರೆ ತಾಸು ಯಾರು ಕರೆದರೂ ಏಳಲಿಲ್ಲ. ಸಕ್ಕರೆ ಡಬ್ಬಿ ಎಲ್ಲಿದೆ ಎಂಬ ಪ್ರಶ್ನೆ ಬಂತು, ಹಾಲು ಉಕ್ಕಿದ ವಾಸನೆ ಬಂತು. ಎರಡಕ್ಕೂ ಅವಳು ಮೂಕ. ಎರಡು ಕಡೆ ಮಾತು ತಿಳಿಯದಾದಾಗ, ಮೂವತ್ತು ವರ್ಷ ಹತ್ತಿ ಬಿಡಿಸಿದ್ದ ಅತ್ತೆಯೇ ಅದನ್ನೂ ಬಿಡಿಸಿ ಹೇಳಿದಳು. ನಾಲ್ಕು ಗಂಟೆ ಐವತ್ತೆರಡಕ್ಕೆ ಬರಹ ಹೋಯಿತು. ಆರೂವರೆಗೆ ಉತ್ತರ ಬಂತು: ತಪ್ಪು ಒಂದೂ ಇಲ್ಲ, ನಾಳೆಯಿಂದ ಉಳಿದ ವಿಡಿಯೊಗಳು ನಿಮ್ಮವು.

ಅಡುಗೆಮನೆಯಲ್ಲಿ ಜಗದೀಶ ರೊಟ್ಟಿ ಬಡಿಯುತ್ತಿದ್ದ. ಮೊದಲನೆಯದು ಕೈಗೆ ಹತ್ತಿಕೊಂಡಿತು, ಎರಡನೆಯದು ರಾಯಚೂರು ಜಿಲ್ಲೆಯ ನಕಾಶೆಯಾಯಿತು, ಮೂರನೆಯದರಲ್ಲಿ ಮಾನ್ವಿ ತಾಲ್ಲೂಕು ಹರಿದು ಒಲೆಗೆ ಬಿತ್ತು. ಬಾಗಿಲಲ್ಲಿ ನಿಂತ ಉಮ್ಮೇ ಕುಲ್ಸುಮ್ ಬಹಳ ಗಂಭೀರವಾಗಿ, "ಸಿಸ್ಟಮ್ ಅದ ಭಾಯ್ ಇದು," ಎಂದಳು.

ನಡುಮನೆಯಲ್ಲಿ ಮಲ್ಲಿಕಾ ಕಾಲು ಚಾಚಿ ಕೂತಿದ್ದಳು. ಮೂಕಮ್ಮ ಮೌಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದವಳು ದನಿ ತಗ್ಗಿಸಿ ಕೇಳಿದಳು.

"ಈ ಗಾಲಿ ಸಂದ್ಯಾಗ ಬೆಳ್ಳಗ ಒಣಗೇದಲ್ಲ, ಏನಿದು?"

ಮಲ್ಲಿಕಾ ಉಗುರಿನಿಂದ ಕೆರೆದು ನೋಡಿದಳು. "ಜ್ವಾಳದ ಹಿಟ್ಟು."

"ಬ್ಯಾಸ್ತ್ರವಾರದ್ದು," ಎಂದಳು ಮೂಕಮ್ಮ.

ಗುರುವಾರ ಬೆಳಿಗ್ಗೆ. ಜಗದೀಶ ಕಂಪ್ಯೂಟರಿನಲ್ಲಿ ಒಬ್ಬ ಭಾಷಣಕಾರನನ್ನು ಹಚ್ಚಿಟ್ಟು ಸ್ನಾನಕ್ಕೆ ಹೋಗಿದ್ದ. 'ಸುಖೀ ಸಂಸಾರಕ್ಕೆ ಗೃಹಿಣಿಯ ಇಪ್ಪತ್ತೊಂದು ಕರ್ತವ್ಯಗಳು.' ಏಳನೆಯ ಕರ್ತವ್ಯಕ್ಕೆ ಮಲ್ಲಿಕಾ ಹಂಚಿನ ಮೇಲಿನ ರೊಟ್ಟಿ ಬಿಟ್ಟು ಹಿಟ್ಟಿನ ಕೈಯಲ್ಲೇ ಬಂದು, ಆ ಮನುಷ್ಯನ ಬಾಯಿ ನಿಲ್ಲುವ ತನಕ ಅಲ್ಲಿ ಇಲ್ಲಿ ಒತ್ತಿದ್ದಳು. ನಿಂತಿತ್ತು. ರೊಟ್ಟಿ ಸೀಯುತ್ತಿತ್ತು, ಓಡಿದ್ದಳು. ಆಮೇಲೆ ನೆನಪೇ ಇರಲಿಲ್ಲ; ನೋಡಿದ್ದವಳು ಅತ್ತೆ ಒಬ್ಬಳೇ.

ಅಡುಗೆಮನೆಯಿಂದ ರೊಟ್ಟಿಯ ಪಟಪಟ ಸದ್ದು ಕೇಳಿಬರುತ್ತಿತ್ತು. ವರ್ಷಗಟ್ಟಲೆ ಎಂದದ್ದು ಯಾರು, ಸಾಕ್ಷಿಗೆ ನಿಂತದ್ದು ಯಾರು, ಎಲ್ಲ ನೆನಪಾಯಿತು. ತಾನು ತೋಡಿದ ಗುಂಡಿ, ಅದೂ ತಾನೇ ಒತ್ತಿದ ಗುಂಡಿ.

"ಅತ್ತೀ," ಎಂದಳು ಮೆಲ್ಲಗೆ.

"ನಾ ಯಾಕ ಹೇಳ್ಲಿ. ನನ್ನ ಹೆಸರರೆ ಏನದ?" ಮೂಕಮ್ಮ ಮೌಸನ್ನು ಸೆರಗಿನಿಂದ ನಿಧಾನವಾಗಿ ಒರೆಸಿ ಸ್ವಚ್ಛ ಮಾಡಿದಳು. "ಆದ್ರ ಆ ಮನಷ್ಯಾಂದು ಇನ್ನೂ ಹದಿನಾಕು ಉಳದಾವ. ದಿನಾ ಒಂದೊಂದು ಕೇಳ್ತೀನಿ. ಅವಗ ನಾನೂ ಒಂದೆರಡು ಹೇಳಾದದ. ಹಚ್ಚು."

ಮಲ್ಲಿಕಾ ತನ್ನ ಕೈಯಾರೆ ಹುಡುಕಿ, ತನ್ನ ಕೈಯಾರೆ ಹಚ್ಚಿದಳು. ಬ್ರೌಸರಿನ ಸದ್ದಿಗೆ ಈಗ ಯಾವ ತೊಂದರೆಯೂ ಇರಲಿಲ್ಲ. ಭಾಷಣಕಾರ ಗಂಟಲು ಸರಿಮಾಡಿಕೊಂಡು, ಎಂಟನೆಯ ಕರ್ತವ್ಯ, ಗೃಹಿಣಿಯಾದವಳು ಮೌನವನ್ನು ಆಭರಣದಂತೆ ಧರಿಸಬೇಕು ಎಂದ.

"ಜೋರ ಮಾಡು," ಎಂದಳು ಮೂಕಮ್ಮ.

ಮಲ್ಲಿಕಾ ಜೋರು ಮಾಡಿದಳು. ಮತ್ತು ಬಾಯಿ ಮುಚ್ಚಿಕೊಂಡು ಕೂತಳು.