ಮಾತ್ರೆಯಣ್ಣನ ಸೀನು, ಗಡ್ಡದ ಕುದುರೆ

ಬೀದಿಯವರೆಲ್ಲ ಸೇರಿ ವಿದೇಶ ಪ್ರವಾಸಕ್ಕೆ ಹೊರಟಾಗ ಮಾತ್ರೆಯಣ್ಣ ಹೊಟ್ಟೆನೋವು, ವಾಂತಿ, ಉಳುಕು, ಸೊಳ್ಳೆ ಕಡಿತ ಎಲ್ಲಕ್ಕೂ ಔಷಧಿ ಕಟ್ಟಿಕೊಂಡಿದ್ದ. ಬಿಟ್ಟುಹೋದದ್ದು ನೆಗಡಿಯ ಮಾತ್ರೆ ಒಂದೇ. ಬೀದಿಯವರಿಗೆಲ್ಲ ಅದನ್ನೇ ಮಾರಿ ಔಷಧಿ ಅಂಗಡಿ ಬೆಳೆಸಿದವನು, ತನಗೂ ಒಂದು ಮೂಗಿದೆ ಎಂಬುದನ್ನು ಮರೆತಿದ್ದ.

ಹೋಟೆಲಿನ ಏಸಿಗೆ ಮೂಗು ಕಟ್ಟಿತು. ಬೆಳಿಗ್ಗೆ ಕಾಡಿನ ಬಸ್ಸು ಹತ್ತುವಾಗಲೇ ಮೊದಲ ಸೀನು ಬಂತು. ಅವನ ಸೀನೆಂದರೆ ಅಂಗಡಿಯ ಶಟರನ್ನು ಒಮ್ಮೆಲೇ ಕೆಳಗೆಳೆದಂತೆ.

ಹೆಂಡತಿ ಗಾಬರಿಯಾದಳು. ಅವಳು ಗಂಡನನ್ನು ಅಂಗಡಿಯಿಂದ ಎಬ್ಬಿಸಿ ಇಲ್ಲಿಯವರೆಗೆ ತಂದದ್ದೇ ಗಡ್ಡದ ಕುದುರೆಯನ್ನು ನೋಡಲು. ಕುದುರೆಯ ಮೋರೆ, ಆಡಿನ ಗಡ್ಡ, ಕಾಲಿಗೆ ಮಾತ್ರ ಪಟ್ಟೆ. ಟೀವಿಯಲ್ಲಿ ಒಮ್ಮೆ ಕಂಡಿದ್ದ ಆ ಪ್ರಾಣಿ ಅವಳ ಮನಸ್ಸಿನಲ್ಲಿ ಮನೆ ಮಾಡಿತ್ತು. ಕಾಡಿನ ಪಾಸು ಇದೊಂದು ದಿನದ್ದು. ಸಂಜೆ ಗೇಟು ಮುಚ್ಚಿದರೆ ಮುಗಿಯಿತು, ಮರುದಿನ ವಿಮಾನ.

ಬೆಟ್ಟ ದಾಟುತ್ತಲೇ ಕೆರೆ ಕಂಡಿತು. ನೀರೇ ಕಾಣದಷ್ಟು ಗುಲಾಬಿ ಹಕ್ಕಿಗಳು, ಹಿಂದೆ ಹಿಮ ಹೊದ್ದ ಶಿಖರ. ಪಕ್ಕದ ಮನೆಯ ವಿಮಾ ಏಜೆಂಟ್ ಕ್ಯಾಮೆರಾ ಎತ್ತಿ ಉಸಿರು ಬಿಗಿಹಿಡಿದ.

"ಆಕ್ಷೀ!"

ಕೆರೆ ಖಾಲಿಯಾಯಿತು. ಏಜೆಂಟನ ಫೋಟೋದಲ್ಲಿ ಬರೀ ನೀರು ಉಳಿಯಿತು.

"ಏನಣ್ಣಾ, ಸೀನ್ತೀಯೋ, ಪಟಾಕಿ ಹೊಡೀತೀಯೋ?" ಎಂದ ಅವನು.

"ಬೇಕು ಅಂತ ಸೀನ್ತಾರಾ ಯಾರಾದ್ರೂ?"

ಎದುರು ಮನೆಯ ನಿವೃತ್ತ ಮೇಷ್ಟ್ರು ಹಿಂದಿನ ಸೀಟಿನಿಂದ ಬಗ್ಗಿದರು. "ಮೂಗಿನ ಕೆಳಗೆ ಬೆರಳು ಒತ್ತಿಟ್ಕೊಳಪ್ಪ. ಸೀನು ಹಂಗೇ ವಾಪಸ್ ಹೋಗತ್ತೆ."

ಒತ್ತಿಕೊಂಡ. ಜಲಪಾತದ ಬಳಿ ಸುರುಳಿಕೊಂಬಿನ ಜಿಂಕೆಗಳು ನೀರು ಕುಡಿಯುತ್ತಿದ್ದಾಗ, ಒತ್ತಿಟ್ಟದ್ದೆಲ್ಲ ಬಡ್ಡಿ ಸಮೇತ ಹೊರಬಂತು. ಜಿಂಕೆಗಳು ಕಣ್ಣು ಮಿಟುಕಿಸುವುದರಲ್ಲಿ ಮಾಯ. ಅಲ್ಲಿಂದ ಬಸ್ಸಿನಲ್ಲಿ ಎಲ್ಲರೂ ವೈದ್ಯರಾದರು. ಒಬ್ಬರು ಮೂಗಿಗೆ ಹತ್ತಿ ತುರುಕಿದರು, ಇನ್ನೊಬ್ಬರು ಕಿವಿ ಹಿಂಡಿದರು. ಇಷ್ಟು ವರ್ಷ ಅವನು ಬೀದಿಗೆ ಹಂಚಿದ ಸಲಹೆಯನ್ನು ಬೀದಿ ಅಂದು ಒಟ್ಟಿಗೆ ತೀರಿಸಿತು.

ಮಧ್ಯಾಹ್ನ ಗೈಡ್ ಬಸ್ಸು ನಿಲ್ಲಿಸಿದ. ಗಡ್ಡದ ಕುದುರೆ ಬರುವ ಜಾಗಕ್ಕೆ ನಡೆದೇ ಹೋಗಿ, ಪೊದೆಯ ಮರೆಯಲ್ಲಿ ಸದ್ದಿಲ್ಲದೆ ಕೂರಬೇಕಂತೆ. ಅವನ ಮಾತನ್ನು ಬಿಡಿಸಿ ಹೇಳಿದ ಮೇಷ್ಟ್ರು, ಕೊನೆಗೆ ತಮ್ಮದೂ ಒಂದು ಸೇರಿಸಿದರು. "ಮಾತ್ರೆಯಣ್ಣ ಬಸ್ಸಲ್ಲೇ ಇರ್ಲಿ."

ಬೇಡ ಅಂದಾಳೇನೋ ಎಂದು ಅವನು ಹೆಂಡತಿಯ ಮುಖ ನೋಡಿದ. ಅವಳು ಬಿಸಿನೀರಿನ ಫ್ಲಾಸ್ಕ್ ಅವನ ಕೈಗಿಟ್ಟಳು. "ಕಿಟಕಿ ಹಾಕ್ಕೊಂಡು ಬೆಚ್ಚಗೆ ಕೂತಿರಿ. ನಿಮ್ಮ ದಮ್ಮಯ್ಯ, ಇಳೀಬೇಡಿ," ಎಂದು ಹೊರಟೇಬಿಟ್ಟಳು. ಅವನಿಗೆ ಅಳುವೇ ಬಂತು.

ಒಬ್ಬನೇ ಕುಳಿತು ಮನಸಾರೆ ಸೀನಿದ. ಪೊದೆಯಿಂದ ಯಾರೋ ಸೀನಿದರು. ಇವನು ಮತ್ತೆ ಸೀನಿದ. ಈಗ ಇಬ್ಬರು ಸೀನಿದರು. ಯಾರಪ್ಪ ಎಂದು ತಿರುಗಿದರೆ, ಕಿಟಕಿಯ ಗಾಜಿಗೆ ಒಂದು ದೊಡ್ಡ ಒದ್ದೆ ಮೂಗು ಅಂಟಿಕೊಂಡಿತ್ತು. ಮೂಗಿನ ಕೆಳಗೆ ಗಡ್ಡ. ಹಿಂದೆ ಇನ್ನೂ ನಾಲ್ಕಾರು ಗಡ್ಡಗಳು, ಒಂದು ಮರಿ.

ಖುಷಿಗೆ ಮೈ ಜುಮ್ಮೆಂದಿತು. ಮರುಕ್ಷಣ ಹೆಂಡತಿ ನೆನಪಾದಳು. ಅವಳು ನೋಡದ್ದನ್ನು ತಾನು ನೋಡಿದೆನೆಂದರೆ ಉಳಿಗಾಲವುಂಟೇ? ಅಷ್ಟರಲ್ಲಿ ಕಾಲಸಪ್ಪಳ ಕೇಳಿ ಗುಂಪು ಪೊದೆಯೊಳಗೆ ಕರಗಿತು.

ಹೆಂಡತಿ ಜೋಲುಮೋರೆ ಹಾಕಿಕೊಂಡು ಬಸ್ಸು ಹತ್ತಿದಳು. ಅವಳು ಬಾಯಿ ತೆರೆಯುವ ಮೊದಲೇ ಇವನೆಂದ, "ನಂಗೂ ಏನೂ ಕಾಣಿಸ್ಲಿಲ್ಲ."

"ನಿಮ್ಮನ್ನ ಯಾರ್ರೀ ಕೇಳಿದ್ರು?"

ಗೈಡ್ ಹೊರಗೆ ಗಾಜಿನ ಮೇಲಿನ ಮೂಗಿನ ಗುರುತು, ನೆಲದ ಗೊರಸಿನ ಗುರುತು ನೋಡಿ ಬಿದ್ದು ಬಿದ್ದು ನಕ್ಕ. ಮೇಷ್ಟ್ರು ಅವನ ಮಾತನ್ನು ತಡವರಿಸುತ್ತ ಹೇಳಿದರು. "ಅವು ತಮ್ಮ ಬಳಗಾನ ಕರೆಯೋದೇ ಹಿಂಗಂತೆ. ಸೀನಿ."

ಬಸ್ಸಿನವರೆಲ್ಲ ಅವನ ಮೂಗಿನತ್ತ ತಿರುಗಿದರು. ಆಮೇಲೆ ಶುರುವಾಯಿತು ಉಪಚಾರ. ಏಜೆಂಟ್ ಅವನನ್ನು ಮುಂದಿನ ಸೀಟಿಗೆ ಕೂರಿಸಿ ಹತ್ತಿ ಕಿತ್ತ. ಮೇಷ್ಟ್ರು ಹುಲ್ಲುಕಡ್ಡಿಯಿಂದ ಮೂಗು ಕೆದಕಿದರು. ಯಾರೋ ಮೆಣಸಿನ ಪುಡಿ ಹಿಡಿದರು. ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಬರಲಿಲ್ಲ. ಬಿಸಿನೀರು ಕುಡಿದು ಬೆಚ್ಚಗೆ ಕುಳಿತ ಮೂಗು ಪೂರ್ತಿ ಬಿಟ್ಟುಕೊಂಡಿತ್ತು.

"ರೀ, ಒಂದೇ ಒಂದು," ಎಂದಳು ಹೆಂಡತಿ ಮೆಲ್ಲಗೆ. ಅವಳು ಹಾಗೆ ಕೇಳಿದ್ದೇ ತಡ, ಅವನು ಸೊಂಟ ಕಟ್ಟಿದ. ಬೆಳಗಿನಿಂದ ಬೇಡವೆಂದರೂ ಬಂದದ್ದನ್ನು, ಈಗ ಅವಳಿಗಾಗಿ ತರಲು ಬಾಯಿ ತೆರೆದು ಬಿಸಿಲನ್ನು ನೋಡಿದ, ಮೂಗು ತಿಕ್ಕಿದ, ದೇವರಿಗೆ ಹರಕೆ ಹೊತ್ತ. ಬಿಸಿಲು ಇಳಿಯಿತು. ಗೈಡ್ ಕೈಚೆಲ್ಲಿ ಬಸ್ಸು ತಿರುಗಿಸಿದ. ಗೇಟು ದಾಟಿದರು. ಕಾವಲುಗಾರ ಬೀಗ ಜಡಿದ.

ಆಗ ಗಾಳಿ ಬೀಸಿತು.

"ಆಕ್ಷೀ!"

ಬೇಲಿಯಾಚೆ ಕತ್ತಲಿಂದ ಒಂದು ಸೀನು ಬಂತು. ಮತ್ತೆರಡು. ಆಮೇಲೆ ಕಾಡಿಗೆ ಕಾಡೇ ಸೀನಿತು.

ಹೆಂಡತಿ ಗಾಜಿಗೆ ಹಣೆ ಒತ್ತಿ ನೋಡಿದಳು. ಮರಗಳ ಕಪ್ಪು ಬಿಟ್ಟರೆ ಏನೂ ಕಾಣಲಿಲ್ಲ. ಗಂಡನ ಕಡೆ ತಿರುಗದೆಯೇ ಹೇಳಿದಳು.

"ನಿಮ್ಮ ಕಡೆಯವರು ಕರೀತಿದ್ದಾರೆ. ಹೋಗಿ, ಮಾತಾಡಿಸ್ಕೊಂಡು ಬನ್ನಿ."