ಹುಟ್ಟುವ ಮೊದಲೇ ತಿದ್ದಿಸಿಕೊಂಡ ಕಡತದ ಕುರಿತು

ಇಂದ: ಭಾಗ್ಯಾ, ಸತ್ತೆವ್ವನ ಮೊಮ್ಮಗಳು, ಕುಲಗೋಡ

ಗೆ: ಶ್ರೀ ಮಹಾಂತೇಶ ಅವರು, ಕಾರ್ಯದರ್ಶಿಗಳು, ಅಜ್ಜಿಗತೆ ಸಂಕಲನ ಸಮಿತಿ, ಮೂಡಲಗಿ

ವಿಷಯ: ಕಡತದ ಜನ್ಮದಿನಾಂಕ ಸರಿಪಡಿಸಿ ಕತೆಯನ್ನು ಸಂಕಲನಕ್ಕೆ ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ೧) ತಮ್ಮ ತಿರಸ್ಕಾರ ಪತ್ರ. ೨) ಅಜ್ಜಿಯ ಸಾಕ್ಷ್ಯ (ಮೌಖಿಕ).

ಮಾನ್ಯರೇ,

ಅರ್ಜಿದಾರಳು ವಿನಯಪೂರ್ವಕವಾಗಿ, ಅಂದರೆ ಹಲ್ಲು ಕಚ್ಚಿಕೊಂಡು, ನಿವೇದಿಸುವುದೇನೆಂದರೆ:

೧. ಹೊಟ್ಟೆಯೊಳಗಿದ್ದಾಗಲೇ ತಾಯಿಗೆ ದಾರಿ ಹೇಳಿದ ಕುರಿಮರಿಯ ಕತೆಯನ್ನು ಅಜ್ಜಿಯ ಬಾಯಿಂದ ಕೇಳಿ, ಟೈಪು ಮಾಡಿ, ಮೇ ೧೧ರಂದು ಮುಗಿಸಿ, ಕಡೆಯ ದಿನವಾದ ೧೫ಕ್ಕೆ ಮುಂಚೆಯೇ ಅರ್ಜಿದಾರಳು ಪೆನ್‌ಡ್ರೈವ್‌ನಲ್ಲಿ ತಮ್ಮ ಕಚೇರಿಗೆ ಮುಟ್ಟಿಸಿದ್ದಳು. ಗುಮಾಸ್ತ ಕೇದಾರಿಯವರು ಅದನ್ನು ಎಲೆಅಡಿಕೆ ಡಬ್ಬಿಯಲ್ಲಿ ಜೋಪಾನ ಮಾಡಿ, ೨೨ರಂದು ನೆನಪಾದ ಕಾರಣ, ಕಂಪ್ಯೂಟರಿಗೆ ನಕಲು ಮಾಡಿದರು.

೨. ತದನಂತರ "ತಡವಾಗಿ ಬಂದ ಕಾರಣ" ಕತೆ ತಿರಸ್ಕೃತವಾಯಿತು. ಕೇಳಲು ಹೋದವಳಿಗೆ ಕೇದಾರಿಯವರು, "ಫೈಲ್ ಹುಟ್ಟಿದ್ದು ಇಪ್ಪತ್ತೆರಡಕ್ಕಂತ ಇಲ್ಲೇ ತೋರ್ಸಾಕತ್ತೈತಿ ನೋಡವಾ. ಕಂಪ್ಯೂಟರ್ ಏನ್ ನಿಮ್ಮಜ್ಜಿಯೇನು, ಕತಿ ಕಟ್ಟಾಕ?" ಎಂದರು.

೩. ಆದ್ದರಿಂದ ಅರ್ಜಿದಾರಳು ಅಲ್ಲೇ ಕಮಾಂಡಿನ ಕಪ್ಪು ಕಿಟಕಿ ತೆರೆದು dir /T:C ಎಂದು ಬರೆದಳು. ಅದು ಕಡತವು ಆ ಯಂತ್ರಕ್ಕೆ ಕಾಲಿಟ್ಟ ದಿನವನ್ನು ಹೇಳುತ್ತದೆ: ೨೨. ಬಳಿಕ dir /T:W ಎಂದು ಬರೆದಳು. ಅದು ಕಡೆಯದಾಗಿ ತಿದ್ದಿದ ದಿನ: ೧೧. ಕೇದಾರಿಯವರು ಕನ್ನಡಕ ಒರೆಸಿಕೊಂಡು ಎರಡನ್ನೂ ನೋಡಿ, "ಸಾಹೇಬ್ರು ಮೊದಲ್ನೇದ್ನ ನಂಬ್ತಾರ" ಎಂದರು. ಆದ್ದರಿಂದ ಸಮಿತಿಯ ದಾಖಲೆಯಂತೆ ಸದರಿ ಕಡತವು ಹುಟ್ಟುವ ಮೊದಲೇ ತಿದ್ದಿಸಿಕೊಂಡಿದೆ. ಪಾಪ, ನಮ್ಮ ಕುರಿಮರಿ ಬರೀ ದಾರಿ ಹೇಳಿತ್ತು.

೪. ನಿನ್ನೆ, ಜೂನ್ ೧ರಂದು, ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಹುಟ್ಟುಹಬ್ಬದ ಬ್ಯಾನರ್ ಕಂಡ ಸಂಗತಿಯನ್ನು ಅರ್ಜಿದಾರಳು ಮನೆಯಲ್ಲಿ ಹೇಳಲಾಗಿ, ಜೋಳ ಹಸನು ಮಾಡುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ನಮ್ಮ ಓಣಿ ಮಾಂತ್ಯಾ ಹುಟ್ಟಿದ್ದು ಎಳ್ಳ ಅಮಾಸಿಗೆ. ನಾವು ಹೊಲದಾಗ ಭೂಮ್ತಾಯಿಗೆ ಎಡಿ ಮಾಡಿ ಚರಗಾ ಚೆಲ್ಲಿ ಬರೂದ್ರಾಗ ಅವರವ್ವ ಹಡದ ಮಲಗಿದ್ಲು. ಜೂನ್ ಒಂದು ಅಂದ್ರ ಅವನ್ನ ಸಾಲಿಗೆ ಹಚ್ಚಿದ ದಿನಾ. ಮಾಸ್ತರ ಆವತ್ತ ಬಂದ ಹುಡುಗೂರ್ನೆಲ್ಲಾ ಆವತ್ತ ಹುಟ್ಟಿಸಿಬಿಟ್ರು."

ಮೊರ ಮತ್ತೆ ಕೈಗೆತ್ತಿಕೊಂಡು ಕೇಳಿದಳು: "ನನ್ನ ಕತಿ ಯಾವ ಪುಟದಾಗ ಬರ್ತೈತಿ, ಬುಕ್ ಬಂದ ಕೂಡ್ಲೇ ತೋರ್ಸು. ಓದಾಕ ಬರದಿದ್ರ ಏನಾತು, ಮುಟ್ಟಾಕರ ಬರ್ತೈತಿ."

ತಿರಸ್ಕಾರದ ಸುದ್ದಿ ಆಕೆಗೆ ಇನ್ನೂ ಗೊತ್ತಿಲ್ಲ. ಅದನ್ನು ಹೇಳಲು ಅರ್ಜಿದಾರಳಿಗೆ ಯಾವ ಕಮಾಂಡೂ ತಿಳಿದಿಲ್ಲ.

ಆದ್ದರಿಂದ, ಕುರಿಮರಿಯ ಕತೆಗೆ ಒಂದು ಪುಟ ದಯಪಾಲಿಸಬೇಕು. ನೋಂದಾಯಿಸಿದ ದಿನವೇ ಹುಟ್ಟಿದ ದಿನವೆಂಬುದು ಸಮಿತಿಯ ಅಚಲ ನಿಲುವಾಗಿದ್ದ ಪಕ್ಷದಲ್ಲಿ, ಆರು ವರ್ಷದವರಾಗಿ, ಚಡ್ಡಿ ತೊಟ್ಟು, ಪಾಟಿ ಹಿಡಿದುಕೊಂಡೇ ಜನಿಸಿದ ಕಾರ್ಯದರ್ಶಿಗಳ ಕತೆಯನ್ನಾದರೂ ಅದೇ ಪುಟದಲ್ಲಿ ಅಚ್ಚು ಹಾಕಬೇಕು. ಹೇಳುವವಳು ಅದೇ ಅಜ್ಜಿ.

ಉತ್ತರ ಬರುವವರೆಗೆ ಮಾತ್ರ ತಮ್ಮ ವಿಶ್ವಾಸಿ,
ಭಾಗ್ಯಾ

ಲಗತ್ತು:
೧. ಕಪ್ಪು ಕಿಟಕಿಯ ಚಿತ್ರ.
೨. ಅಜ್ಜಿ (ತನ್ನ ಪುಟ ಯಾವುದೆಂದು ಕೇಳಲು ನಾಳೆ ಮೊದಲನೇ ಬಸ್ಸಿಗೆ ಖುದ್ದು ಬರುತ್ತಾಳೆ).

ವಿ.ಸೂ.: ಈ ಅರ್ಜಿಗೆ ಇವತ್ತೇ ಮೊಹರು ಒತ್ತಬೇಕಾಗಿ ವಿನಂತಿ. ಡಬ್ಬಿಯಿಂದ ಹೊರಬಂದ ದಿನ ಇದು ಮತ್ತೊಮ್ಮೆ ಹುಟ್ಟುವುದು ಬೇಡ.